ಮೊಲದ ದನಿಯಲ್ಲಿ ಕರೆದದ್ದು

ಕುವೈತಿಗೆ ಹೋಗಿ ಬಂದವನೆಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವುದು ಬೆಂಕಿಯ ವಿಷಯ. ಎಣ್ಣೆ ಬಾವಿಗಳು ಹೇಗೆ ಉರಿಯುತ್ತಿದ್ದವು, ನಡುಹಗಲಲ್ಲೇ ಕತ್ತಲೆ ಕವಿಯುತ್ತಿತ್ತಂತೆ, ನಿಜವೇ ಎಂದು. ನಾನು ಹೋದದ್ದು ತೊಂಬತ್ತೊಂದರ ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ಬಾವಿಗಳ ಬಾಯಿ ಕಟ್ಟಿಯಾಗಿತ್ತು. ಉಳಿದ ನಾಲ್ಕಾರು ಬಾವಿಗಳ ಹೊಗೆ ಬಾನಂಚಿನಲ್ಲಿ ಕರಿಯ ಕಂಬಳಿ ಒಣಹಾಕಿದ ಹಾಗೆ ಕಾಣುತ್ತಿತ್ತು, ಅಷ್ಟೇ. ಹೀಗೆಂದರೆ ಕೇಳಿದವರಿಗೆ ನಿರಾಸೆ. ಆರು ವಾರ ಅಲ್ಲಿದ್ದು ನಾನು ಹೊಸದಾಗಿ ಕಲಿತು ಬಂದ ವಿದ್ಯೆ ಒಂದೇ: ಸಾಯುತ್ತಿರುವ ಮೊಲದ ಹಾಗೆ ಕೂಗುವುದು. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ತಮಾಷೆಯೆಂದು ತಿಳಿಯುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕೊಪ್ಪಳದ ಕಡೆಯ ಒಂದು ಪಶು ಆಸ್ಪತ್ರೆಯ ಡಾಕ್ಟರ್. ಯುದ್ಧ ಮುಗಿದ ಮೇಲೆ ಕುವೈತಿನಲ್ಲಿ ಕುರಿಗಳನ್ನು ನೋಡುವವರೇ ಇಲ್ಲ, ಮೊದಲಿದ್ದ ಡಾಕ್ಟರುಗಳೆಲ್ಲ ತಮ್ಮ ತಮ್ಮ ದೇಶ ಸೇರಿದ್ದಾರೆ ಎಂದು ಅಲ್ಲಿನ ಒಂದು ಕುರಿ ಸಾಕಣೆಯ ಕಂಪನಿ ಕೆಲವರನ್ನು ಕರೆಸಿಕೊಂಡಿತು. ರಜೆ ಹಾಕಿ ಹೊರಟೆ. ಅದಕ್ಕೆ ಮೊದಲು ನಾನು ಕಂಡಿದ್ದ ಪರದೇಶವೆಂದರೆ ಸೊಲ್ಲಾಪುರ.

ಅಬ್ಬಾಸಿಯಾ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದ ಅಧಿಕಾರಿ ಶೇಂಗಾ ಹಿಂಡಿಯ ಡಬ್ಬಿ ಹಿಡಿದು ನಿಂತ. ಕೆಂಪು ಪುಡಿ. ಏನೆಂದು ಕೇಳಿದ. ನನ್ನ ಇಂಗ್ಲಿಷಿನಲ್ಲಿ ಅದನ್ನು ವಿವರಿಸುವ ಪದ ಇರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು. ಇನ್ನೊಂದು ಚಿಟಿಕೆ ಹಾಕಿಕೊಂಡು, ಚೀಲದ ಮೇಲೆ ಸೀಮೆಸುಣ್ಣದ ಗುರುತು ಎಳೆದು, ಹೋಗು ಎಂದು ಕೈಮಾಡಿದ.

ಹೊರಗೆ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದವರು ಫೆಲಿಕ್ಸ್. ಮಂಗಳೂರಿನ ಕಡೆಯವರು, ಕಂಪನಿಯ ಡ್ರೈವರ್, ಐವತ್ತರ ಆಸುಪಾಸು. ಕನ್ನಡದಲ್ಲಿ ಮಾತಾಡಿದಾಗ ಅವರಿಗಿಂತ ನನಗೇ ಹೆಚ್ಚು ಸಂತೋಷವಾಯಿತು.

"ನಿಮ್ಮದು ಕೊಪ್ಪಳ ಅಂತ ಹೇಳಿದ್ರು. ಅಲ್ಲಿಯ ಕನ್ನಡ ನನಗೆ ಅರ್ಥ ಆಗುದಿಲ್ಲ ಡಾಕ್ಟ್ರೆ, ಸ್ವಲ್ಪ ನಿಧಾನ ಮಾತಾಡಿ" ಎಂದರು.

"ನಿಮ್ಮದೂ ನಮಗ ಹಂಗೇ ಐತ್ರಿ" ಎಂದೆ.

ಅವರು ಇದ್ದದ್ದು ಅಬ್ಬಾಸಿಯಾದಲ್ಲಿ. ಒತ್ತೊತ್ತಾಗಿ ನಿಂತ ಕಟ್ಟಡಗಳು, ಒಂದು ಕೋಣೆಯಲ್ಲಿ ನಾಲ್ಕು ಮಂಚ. ನನ್ನನ್ನು ಅಲ್ಲೇ ಇಳಿಸಿದರು. ಯುದ್ಧ ಶುರುವಾದಾಗ ಫೆಲಿಕ್ಸ್ ಬಸ್ಸಿನಲ್ಲಿ ಮರುಭೂಮಿ ದಾಟಿ, ಜೋರ್ಡಾನಿನ ಡೇರೆಯೊಂದರಲ್ಲಿ ಮೂರು ವಾರ ಕಾದು, ಊರು ಸೇರಿದ್ದರಂತೆ. ಮತ್ತೆ ಬಂದು ನೋಡಿದರೆ ಕೋಣೆಯಲ್ಲಿ ಏನೂ ಇಲ್ಲ.

"ಬಾಗಿಲನ್ನೇ ಬಿಚ್ಚಿಕೊಂಡು ಹೋಗಿದ್ದಾರೆ ಮಾರಾಯ್ರೆ. ಗೋಡೆಯ ಮೇಲಿದ್ದ ಮಾತೆಯ ಪಟ ಮಾತ್ರ ಉಂಟು. ಅದನ್ನು ಕಂಡು ಬಾಗಿಲಿಲ್ಲದ ಕೋಣೆಯಲ್ಲೇ ಆರಾಮ ಮಲಗಿದೆ."

ಗೋಡೆಗಳಿಗೆ ಹೊಸ ಸುಣ್ಣ ಬಳಿದಿದ್ದರೂ ಕೈ ಇಟ್ಟಲ್ಲೆಲ್ಲ ಮಸಿ ಹತ್ತುತ್ತಿತ್ತು. ಊರೆಲ್ಲ ಹಾಗೆಯೇ ಇತ್ತು. ಬಿಳಿಯ ನಿಲುವಂಗಿ ತೊಟ್ಟ ಜನ ಯಾವುದಕ್ಕೂ ಒರಗದೆ ನೆಟ್ಟಗೆ ನಿಂತು ಮಾತಾಡುವುದನ್ನು ಮೊದಲು ಗತ್ತು ಎಂದುಕೊಂಡಿದ್ದೆ. ಮಸಿಯ ಭಯವೆಂದು ಆಮೇಲೆ ತಿಳಿಯಿತು.

ಅಹ್ಮದಿಯ ಆಚೆ

ಕೆಲಸವಿದ್ದದ್ದು ಅಹ್ಮದಿಯೆಂಬ ಎಣ್ಣೆ ಕಂಪನಿಯ ಊರನ್ನು ದಾಟಿ ಒಳಗೆ ಹೋದರೆ ಸಿಗುವ ಮರಳುಗಾಡಿನಲ್ಲಿ. ಅಲ್ಲಿ ಅಬು ಫಹಾದ್ ಎಂಬ ಮುದುಕನ ಕುರಿ ದೊಡ್ಡಿ. ತಗಡಿನ ಬೇಲಿ, ಒಂದು ಕಪ್ಪು ಡೇರೆ, ನೀರಿನ ಟ್ಯಾಂಕು. ಮುದುಕ ಎತ್ತರದ ಆಳು, ಒಂದು ಕಣ್ಣಿಗೆ ಪೊರೆ. ಅವನಿಗೆ ಅರಬ್ಬಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಹಾಗಾಗಿ ಅವನು ಹೇಳಿದ್ದೆಲ್ಲ ನನ್ನ ಕಿವಿಗೆ ಬಿದ್ದದ್ದು ಫೆಲಿಕ್ಸರ ಮಂಗಳೂರು ಕನ್ನಡದಲ್ಲಿ. ಇವತ್ತಿಗೂ ಆ ಅರಬ ನನ್ನ ನೆನಪಿನಲ್ಲಿ "ಮಾರಾಯ್ರೆ" ಎನ್ನುತ್ತಾನೆ.

ಅವನ ಕುರಿಗಳ ಉಣ್ಣೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಮ್ಮ ಕುರುಬರು ಕಂಡಿದ್ದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆದರೆ ಮುದುಕ ನನ್ನನ್ನು ಕರೆಸಿಕೊಂಡದ್ದು ಉಣ್ಣೆಗಾಗಿ ಅಲ್ಲ. ಎರಡು ಕುರಿಗಳು ಮೈ ಕಚ್ಚಿಕೊಳ್ಳುತ್ತ, ದನಿ ಒಡೆದು ಅರಚುತ್ತ, ಜೊಲ್ಲು ಸುರಿಸಿ ಸತ್ತಿದ್ದವು. ಮೂರು ವಾರದ ಹಿಂದೆ ಅವುಗಳನ್ನು ನಾಯಿಗಳು ಕಚ್ಚಿದ್ದವಂತೆ. ಕೇಳಿದ ಕೂಡಲೇ ನನಗೆ ಅನುಮಾನ ಬಂತು. ಹುಚ್ಚುನಾಯಿ ರೋಗ.

ಯುದ್ಧದಲ್ಲಿ ಒಡೆಯರು ಬಿಟ್ಟುಹೋದ ನಾಯಿಗಳು ಗುಂಪುಕಟ್ಟಿಕೊಂಡು ಮರಳಿನಲ್ಲಿ ಅಲೆಯುತ್ತಿದ್ದವು. ಈ ಕಡೆಯ ಗುಂಪಿನಲ್ಲಿ ಮೂರು ಉಳಿದಿದ್ದವು. ಅವು ಇದ್ದದ್ದು ದೊಡ್ಡಿಯಿಂದ ಉತ್ತರಕ್ಕೆ, ಸೈನಿಕರು ತೋಡಿ ಬಿಟ್ಟುಹೋದ ಕಂದಕಗಳಲ್ಲಿ. ಕಣ್ಣಿಗೆ ಕಾಣುವಷ್ಟೇ ದೂರ. ನಡೆದು ಹೋಗಿ ನೋಡೋಣ ಎಂದು ನಾನು ಹೊರಟೆ. ಮುದುಕ ನನ್ನ ಅಂಗಿಯ ಬೆನ್ನು ಹಿಡಿದು ಎಳೆದ. ಅಂಗಿ ಹರಿಯಿತು.

ದೊಡ್ಡಿಗೂ ಕಂದಕಕ್ಕೂ ನಡುವೆ ಕಬ್ಬಿಣದ ಗೂಟ ನೆಟ್ಟು ಬಿಳಿಯ ಪಟ್ಟಿ ಕಟ್ಟಿದ್ದರು. ಅದರ ಆಚೆ ನೂರಿನ್ನೂರು ಹೆಜ್ಜೆ ಅಗಲಕ್ಕೆ ನೆಲಬಾಂಬು ಹುದುಗಿಸಿದ ಮರಳು. ಅದನ್ನು ಸೀಳಿಕೊಂಡು ಒಂದು ಮಣ್ಣಿನ ರಸ್ತೆ ಉತ್ತರಕ್ಕೆ ಹೋಗುತ್ತಿತ್ತು. ಬಾಂಬು ತೆಗೆದು ಖಾತ್ರಿಯಾಗಿದ್ದುದು ಆ ರಸ್ತೆ ಮತ್ತು ಅದರ ಎರಡು ಮಗ್ಗುಲಿನ ಸ್ವಲ್ಪ ಜಾಗ ಮಾತ್ರ. ಅದನ್ನು ತೆಗೆದವರಲ್ಲಿ ಒಬ್ಬ ಅಮೆರಿಕದ ವೇಯ್ನ್. ಕೆಂಪು ಮುಖ, ತೆಳ್ಳಗಿನ ಮೈ, ಇಡೀ ದಿನ ಮಾತಾಡದೆ ಇರಬಲ್ಲ ಮನುಷ್ಯ. ಬೀದಿನಾಯಿಗಳು ಬಾಂಬಿನ ಮೇಲೆ ಕಾಲಿಟ್ಟು ಅವನ ಕೆಲಸಗಾರರಿಗೆ ಅಪಾಯವಾಗಿದ್ದರಿಂದ ಅವುಗಳನ್ನು ಕೊಲ್ಲಲು ಅವನ ಬಳಿ ಪರವಾನಗಿಯ ಬಂದೂಕಿತ್ತು.

"ನಾವು ಅವುಗಳ ಹತ್ತಿರ ಹೋಗುವ ಹಾಗಿಲ್ಲ, ಅವೇ ನಮ್ಮ ಹತ್ತಿರ ಬರಬೇಕು" ಎಂದ. ಜೇಬಿನಿಂದ ಬೆರಳುದ್ದದ ಒಂದು ಮರದ ಪೀಪಿ ತೆಗೆದ. "ನನ್ನ ಊರಿನಲ್ಲಿ ಕಯೋಟಿಯನ್ನು ಹೀಗೇ ಕರೆಯುತ್ತೇವೆ."

ಕಯೋಟಿಯೆಂದರೆ ಅವರ ದೇಶದ ಒಂದು ಪ್ರಾಣಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು, ಎರಡಕ್ಕಿಂತಲೂ ಜಾಣ. ವೇಯ್ನ್ ಪೀಪಿಯನ್ನು ತುಟಿಗಿಟ್ಟು ಊದಿದ. ನನ್ನ ಮೈ ಜುಮ್ಮೆಂದಿತು. ಯಾವುದೋ ಪ್ರಾಣಿ ಹಿಡಿದಾಗ ಮೊಲ ಜೀವಮಾನದಲ್ಲೆಲ್ಲ ಕೂಗದಿದ್ದ ಕೂಗನ್ನು ಒಮ್ಮೆ ಕೂಗುತ್ತದೆ. ಎಳೆಗೂಸಿನ ಅಳುವಿನಂಥದ್ದು. ಅದೇ ಕೂಗು.

ಗುಂಡು ಹೊಡೆಯುವವನು ಬಂದೂಕು ಹಿಡಿದು ಅಲುಗಾಡದೆ ಇರಬೇಕು, ಕರೆಯುವವನು ಬೇರೆ ಇದ್ದರೆ ಒಳ್ಳೆಯದು ಎಂದು ವೇಯ್ನ್ ಹೇಳಿದ. ಫೆಲಿಕ್ಸ್ ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರು. ಪೀಪಿ ನನ್ನ ಕೈಗೆ ಬಂತು.

ಮೊದಲ ಬೆಳಗು

ಸೂರ್ಯ ಹುಟ್ಟುವ ಮೊದಲೇ ದೊಡ್ಡಿಗೆ ಹೋದೆ. ನನ್ನನ್ನು ಕಂಡ ವೇಯ್ನ್ ಮೂಗು ಅರಳಿಸಿ, "ನೀನು ಮಿಠಾಯಿ ಅಂಗಡಿಯ ಹಾಗೆ ನಾರುತ್ತೀ" ಎಂದ. ತಲೆಗೆ ಕೊಬ್ಬರಿ ಎಣ್ಣೆ, ಮೈಗೆ ಗಂಧದ ಸಾಬೂನು. ಹೊರಗೆ ಹೊರಡುವಾಗ ಹೀಗೆ ಹೊರಡಬೇಕೆಂದೇ ನನ್ನ ತಾಯಿ ಕಲಿಸಿದ್ದು. ಮರಳಿನಲ್ಲಿ ತಲೆ ಉಜ್ಜಿಸಿ, ಅಬು ಫಹಾದನ ಹಳೆಯ ಕಂಬಳಿಯೊಂದನ್ನು ಹೊದಿಸಿ ಕೂರಿಸಿದ. ಕಂಬಳಿಯಲ್ಲಿ ಕುರಿಯ ವಾಸನೆ ಇತ್ತು. ಊರು ನೆನಪಾಯಿತು.

ಪಾಠ ಹೇಳಿದ. ಗಾಳಿ ಯಾವಾಗಲೂ ಮುಖಕ್ಕೆ ಬಡಿಯುವ ಹಾಗೆ ಕೂರಬೇಕು. ಬೆನ್ನನ್ನು ಏನಕ್ಕಾದರೂ ಒರಗಿಸಿರಬೇಕು, ಇಲ್ಲದಿದ್ದರೆ ನಿನ್ನ ಆಕಾರ ಬಯಲಿನಲ್ಲಿ ಎದ್ದು ಕಾಣುತ್ತದೆ. ಮೊದಲು ಮೆಲ್ಲಗೆ ಊದು. ಪ್ರಾಣಿ ಹತ್ತಿರದಲ್ಲೇ ಇದ್ದರೆ ಜೋರು ದನಿಗೆ ಹೆದರಿ ಓಡುತ್ತದೆ. ಆಮೇಲೆ ಜೋರು. ಊದುವಾಗ ಉಸಿರು ನಡುಗಬೇಕು, ಏಕೆಂದರೆ ಸಾಯುವ ಜೀವ ರಾಗವಾಗಿ ಅಳುವುದಿಲ್ಲ. ಅರ್ಧ ನಿಮಿಷ ಊದಿ ನಿಲ್ಲಿಸಿಬಿಡು.

"ನಿಲ್ಲಿಸಿ?"

"ಸುಮ್ಮನೆ ಕೂರು."

"ಎಷ್ಟು ಹೊತ್ತು?"

"ಸಾಕು ಅನ್ನಿಸಿದ ಮೇಲೆ ಅದರ ಎರಡರಷ್ಟು."

ಊದುವುದಕ್ಕಿಂತ ಊದದೆ ಇರುವುದು ಕಷ್ಟ. ಕೂಗು ನಿಂತ ಮೇಲೆ ಆ ಬಯಲಿನ ಮೌನದಲ್ಲಿ ಏನೋ ತಪ್ಪು ಮಾಡಿದ್ದೇನೆ ಅನ್ನಿಸುತ್ತದೆ. ಇನ್ನೊಮ್ಮೆ ಊದಿ ಸರಿಪಡಿಸೋಣ ಎಂದು ಕೈ ತುಡಿಯುತ್ತದೆ. ಹೊಸಬರೆಲ್ಲ ಕೆಡುವುದು ಅಲ್ಲೇ ಎಂದು ವೇಯ್ನ್ ಹೇಳಿದ್ದ. ಊದುತ್ತಲೇ ಇರುವವನ ಮೊಲ ಎಂದೂ ಸಾಯುವುದೇ ಇಲ್ಲವಲ್ಲ, ಅದನ್ನು ಯಾವ ಪ್ರಾಣಿ ನಂಬುತ್ತದೆ?

ನಾನು ಕೆಟ್ಟೆ. ಮತ್ತೆ ಮತ್ತೆ ಊದಿದೆ. ಪೀಪಿಯೊಳಗೆ ಎಂಜಲು ತುಂಬಿ ದನಿ ಮೊಲದ್ದಾಗಿ ಉಳಿಯದೆ ಕುರಿಮರಿಯದಾಯಿತು. ಬೆನ್ನ ಹಿಂದೆ ಸದ್ದಾಯಿತು. ಉಸಿರು ಬಿಗಿಹಿಡಿದೆ. ಹೆಗಲ ಮೇಲೆ ಬಿಸಿಯುಸಿರು ತಾಗಿತು. ತಿರುಗಿ ನೋಡಿದರೆ ಕೆಚ್ಚಲು ಬಿಗಿದ ಒಂದು ಹೆಣ್ಣುಕುರಿ, ಬೇಲಿಯ ಸಂದಿಯಿಂದ ನುಸುಳಿ ಬಂದು ನನ್ನ ಬಾಯಿಯನ್ನೇ ನೋಡುತ್ತಿದೆ. ವಾರದ ಹಿಂದೆ ಅದರ ಮರಿ ಸತ್ತಿತ್ತು.

ವೇಯ್ನ್ ಮೊದಲ ಬಾರಿಗೆ ನಕ್ಕ. ಫೆಲಿಕ್ಸ್ ದೂರದಿಂದ, "ಡಾಕ್ಟ್ರೆ, ಪೇಶೆಂಟೇ ಬಂತಲ್ಲ!" ಎಂದರು. ನನಗೂ ನಗು ಬಂತು. ಆದರೆ ಕುರಿ ಹೋಗಲೊಲ್ಲದು. ಪೀಪಿ ಜೇಬಿಗೆ ಸೇರಿಸಿದ ಮೇಲೂ ನನ್ನ ಸುತ್ತ ಮೂಸುತ್ತ ತಿರುಗಿತು. ಇಪ್ಪತ್ತು ವರ್ಷ ಪ್ರಾಣಿಗಳ ವೈದ್ಯ ಮಾಡಿದ್ದೇನೆ. ನನ್ನ ಹತ್ತಿರ ಬಂದ ಪ್ರಾಣಿಗಳನ್ನೆಲ್ಲ ಯಾರಾದರೂ ಹಗ್ಗ ಕಟ್ಟಿ ಎಳೆದುಕೊಂಡೇ ಬಂದದ್ದು. ನಾನು ಕರೆದದ್ದಕ್ಕೆ ತಾನಾಗಿ ಬಂದದ್ದು ಅದೊಂದೇ, ಅದೂ ಮೋಸ ಹೋಗಿ.

ಮೂರನೆಯ ಬೆಳಗು

ಎರಡು ದಿನ ಕೋಣೆಯಲ್ಲಿ ಊದಿ ಅಭ್ಯಾಸ ಮಾಡಿದೆ. ಪಕ್ಕದ ಕೋಣೆಯ ಮಲಯಾಳಿಗಳು ಬಂದು ಮಗುವಿಗೆ ಹುಷಾರಿಲ್ಲವೇ ಎಂದು ವಿಚಾರಿಸಿ ಹೋದರು.

ಮೂರನೆಯ ಬೆಳಗು ಎರಡು ಸಲ ಮಾತ್ರ ಊದಿ ಸುಮ್ಮನೆ ಕೂತೆ. ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ನೊಣ ಕೂತು ಎದ್ದು ಹೋಯಿತು. ಪ್ರಾಣಿಯನ್ನು ಇಡಿಯಾಗಿ ಹುಡುಕಬೇಡ, ಕಿವಿಯೊಂದನ್ನು ಹುಡುಕು ಎಂದು ವೇಯ್ನ್ ಹೇಳಿಕೊಟ್ಟಿದ್ದ. ಕಂದಕದ ದಿಬ್ಬದ ಮೇಲೆ ಕಿವಿ ಕಂಡಿತು. ಆಮೇಲೆ ತಲೆ.

ಆ ನಾಯಿ ಸುತ್ತಿ ಬರಲಿಲ್ಲ. ಗಾಳಿಯನ್ನು ಮೂಸಲಿಲ್ಲ. ಬಾಂಬಿನ ಪಟ್ಟಿಯ ಮೇಲೆ ನೇರವಾಗಿ, ಹೆಜ್ಜೆ ತಪ್ಪುತ್ತ, ಒಮ್ಮೆ ಮುಗ್ಗರಿಸಿ ಎದ್ದು ಬಂತು. ಯಾವ ಬಾಂಬೂ ಸಿಡಿಯಲಿಲ್ಲ. ಹತ್ತಿರವಾದಂತೆ ಅದರ ಕೆಳದವಡೆ ಜೋತು ಬಿದ್ದಿರುವುದು ಕಂಡಿತು, ಎಳೆ ಎಳೆಯಾಗಿ ಜೊಲ್ಲು. ನಾನು ಹೇಳಬೇಕಾದದ್ದೇನೂ ಇರಲಿಲ್ಲ. ಅದು ಬಿಳಿಯ ಪಟ್ಟಿ ದಾಟಿ ಈಚೆ ಬಂದಾಗ ವೇಯ್ನ್ ಒಂದೇ ಗುಂಡಿಗೆ ಕೆಡವಿದ.

ಗುಂಡಿನ ಸದ್ದಿಗೆ ದಿಬ್ಬದ ಮೇಲೆ ಇನ್ನೆರಡು ನಾಯಿಗಳು ಎದ್ದು ನಿಂತವು. ಒಂದು ಹಳದಿ ಬಣ್ಣದ್ದು, ತಕ್ಷಣ ಓಡಿತು. ಇನ್ನೊಂದು ತೆಳ್ಳಗೆ, ಉದ್ದ ಕಾಲಿನದು, ಕಿವಿಯಿಂದ ರೇಷ್ಮೆಯಂಥ ಕೂದಲು ಇಳಿಬಿದ್ದದ್ದು. ನಮ್ಮ ಮುಧೋಳದ ನಾಯಿಯ ಅಕ್ಕತಂಗಿಯ ಹಾಗಿತ್ತು. ಅದು ಓಡಲಿಲ್ಲ. ನಿಂತು ದೊಡ್ಡಿಯ ಕಡೆಯೇ ನೋಡಿ, ನಿಧಾನವಾಗಿ ದಿಬ್ಬದ ಹಿಂದೆ ಇಳಿಯಿತು.

ಬೇಲಿಯ ಬಳಿ ನಿಂತಿದ್ದ ಅಬು ಫಹಾದ್ ಏನೋ ಅಂದ. ಫೆಲಿಕ್ಸ್ ಕನ್ನಡಿಸಲಿಲ್ಲ. ಕೇಳಿದ್ದಕ್ಕೆ, "ಎಂತದ್ದೂ ಇಲ್ಲ, ಒಂದು ಹೆಸರು ಹೇಳಿದ. ರೀಮ್ ಅಂತ" ಎಂದರು.

ಸತ್ತ ನಾಯಿಯ ತಲೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದೆ. ನಾಲ್ಕು ದಿನಕ್ಕೆ ಉತ್ತರ ಬಂತು. ಅನುಮಾನ ನಿಜವಾಗಿತ್ತು.

ಸಲ್ವಾ

ದೊಡ್ಡಿಯವರೆಲ್ಲ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಯಿತು. ಮುದುಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ, ಊಟ ಮಾಡದೆ ಹೋಗಕೂಡದೆಂದು ಅವನು ನಮ್ಮನ್ನು ಸಲ್ವಾ ಬಡಾವಣೆಯಲ್ಲಿದ್ದ ಮಗಳ ಮನೆಗೆ ಎಳೆದುಕೊಂಡು ಹೋದ. ಅತಿಥಿಗಳ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹೊಸ ದಿಂಬುಗಳು, ಚಾವಣಿಯಲ್ಲಿ ಗುಂಡಿನ ಎರಡು ತೂತು. ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಅರ್ಧ ಕುರಿ. ನಾನು ಮಾಂಸ ತಿನ್ನುವುದಿಲ್ಲ. ಕುರಿ ಡಾಕ್ಟರ್ ಕುರಿ ತಿನ್ನುವುದಿಲ್ಲವೆಂದು ತಿಳಿದ ಮುದುಕ ಬಹಳ ಹೊತ್ತು ಯೋಚಿಸಿ, ನನ್ನ ಮುಂದೆ ಖರ್ಜೂರ, ಮೊಸರು, ಒಂದು ಇಡೀ ಸೌತೆಕಾಯಿ ಇಟ್ಟ. ಉಣ್ಣುವಷ್ಟು ಹೊತ್ತೂ ತನ್ನ ಕೈಯಿಂದಲೇ ಖರ್ಜೂರ ನನ್ನ ಕಡೆಗೆ ತಳ್ಳುತ್ತಿದ್ದ. ನಮ್ಮಲ್ಲಿ ಎಲೆಗೆ ಬಡಿಸಿ ಸಾಕೆನ್ನುವವರೆಗೆ ಒತ್ತಾಯ. ಇಲ್ಲಿ ಸಾಕೆಂದ ಮೇಲೆ ಒತ್ತಾಯ ಶುರು.

ಚಹಾ ಬಂದ ಮೇಲೆ ರೀಮಳ ಕಥೆ ಹೇಳಿದ. ಆ ನಾಯಿ ಅವನದು. ಸಲೂಕಿ ಎಂಬ ಬೇಟೆನಾಯಿ. ಅವನ ಜನ ನಾಯಿಯನ್ನು ಡೇರೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಸಲೂಕಿಯನ್ನು ಮಾತ್ರ ಬಿಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ಇಬ್ಬರೂ ಮೊಲದ ಬೇಟೆಗೆ ಹೋಗುತ್ತಿದ್ದರು.

ಫೆಲಿಕ್ಸ್ ಅವನ ಮಾತನ್ನು ನನಗೆ ಹೇಳುತ್ತ ಹೋದರು. "ಕಳೆದ ವರ್ಷ ಸೈನ್ಯ ಬಂತು ಅಂತ ಗೊತ್ತಾದಾಗ ಹೆಂಡತಿ, ಸೊಸೆಯಂದಿರು, ಮಕ್ಕಳು ಎಲ್ಲ ಪಿಕಪ್ಪಿನಲ್ಲಿ. ಕಾಲು ಇಡ್ಲಿಕ್ಕೆ ಜಾಗ ಇಲ್ಲ. ಇದು ಗಾಡಿಯ ಹಿಂದೆ ಓಡಿ ಬಂತು. ಆಗಸ್ಟಿನ ಬಿಸಿಲು ಅಂದ್ರೆ ಗೊತ್ತುಂಟಲ್ಲ ಮಾರಾಯ್ರೆ. ಸೌದಿ ಗಡಿಯವರೆಗೆ ಓಡಿದ್ರೆ ದಾರಿಯಲ್ಲೇ ಸಾಯ್ತದೆ. ಬಿಡು ಅಂದ್ರೆ ಬಿಡುದಿಲ್ಲ. ಗಾಡಿ ನಿಲ್ಲಿಸಿದೆ. ಇಳಿದು ಕಲ್ಲು ಹೊಡೆದೆ. ಮೂರನೇ ಕಲ್ಲು ತಾಗಿತು. ಆಗ ನಿಂತಿತು."

ಮುದುಕ ಬೇಸಗೆಯಲ್ಲಿ ವಾಪಸು ಬಂದಮೇಲೆ ದಿಬ್ಬದ ಮೇಲೆ ಅದನ್ನು ನಾಲ್ಕೈದು ಸಲ ಕಂಡಿದ್ದ. ಹೆಸರು ಹಿಡಿದು ಕರೆದಿದ್ದ. ಅವನ ದನಿ ಕೇಳಿದರೆ ಅದು ಓಡಿಬಿಡುತ್ತಿತ್ತು.

"ನನ್ನ ಬಾಯಿಗೆ ಬರುದಿಲ್ಲ. ನಿಮ್ಮ ಪೀಪಿಗೆ ಬಂದರೂ ಬರ್ಬಹುದು. ಕರೆಯಿರಿ ಅಂತಾನೆ" ಎಂದರು ಫೆಲಿಕ್ಸ್.

ನಾನು ಮೊಸರಿನ ಬಟ್ಟಲು ಕೆಳಗಿಟ್ಟೆ. ಅದು ಹುಚ್ಚುನಾಯಿಯ ಜೊತೆ ತಿರುಗಿದ ನಾಯಿ. ಕರೆದು ತಂದರೆ ಮಾಡಬೇಕಾದದ್ದು ಏನೆಂದು ಅವನಿಗೂ ಗೊತ್ತಿತ್ತು.

"ಕರೆದು?" ಎಂದು ಕೇಳಿದೆ.

ಮುದುಕ ಉತ್ತರವನ್ನು ನನ್ನನ್ನೇ ನೋಡುತ್ತ ಹೇಳಿದ. ಫೆಲಿಕ್ಸ್ ಕನ್ನಡಿಸಿದರು: "ಕೊಲ್ಲುದಾದ್ರೆ ಹತ್ತಿರದಿಂದ ಕೊಲ್ಲಿ, ದೂರದಿಂದ ಬೇಡ ಅಂತಾನೆ."

ಗಾಳಿಗೆ ಕಾದದ್ದು

ವೇಯ್ನನಿಗೆ ವಿಷಯ ಹೇಳಿದೆ. ಅವನು ಆಗದು ಎಂದು ತಲೆಯಾಡಿಸಿದ. ಗುಂಪಿನ ನಾಯಿಗಳನ್ನೆಲ್ಲ ತೆಗೆಯಬೇಕೆಂದು ಆದೇಶ. ಹಳದಿ ನಾಯಿಯನ್ನು ಅವನು ಹಿಂದಿನ ದಿನವೇ ಹೊಡೆದಿದ್ದ.

"ನಿನ್ನ ಪುಸ್ತಕ ಏನು ಹೇಳುತ್ತದೆ?" ಎಂದ.

ಪುಸ್ತಕದಲ್ಲಿ ಎರಡು ಸಾಲಿದ್ದವು. ಹುಚ್ಚು ಹಿಡಿದ ಪ್ರಾಣಿಯ ಸಂಪರ್ಕಕ್ಕೆ ಬಂದ, ಲಸಿಕೆ ಹಾಕಿಸದ ನಾಯಿಯನ್ನು ಕೊಲ್ಲಬೇಕು. ಇಲ್ಲವೇ ಆರು ತಿಂಗಳು ಯಾರೂ ಮುಟ್ಟದಂತೆ ಬೇರೆಯಾಗಿ ಕಟ್ಟಿಹಾಕಿ ನೋಡಬೇಕು. ಎರಡನೆಯ ಸಾಲನ್ನು ಊರಿನಲ್ಲಿ ನಾನು ಯಾರಿಗೂ ಹೇಳಿದ್ದಿಲ್ಲ. ಹೇಳಿದರೂ ಪಾಲಿಸುವವರು ಯಾರು? ನಮ್ಮ ಮನೆಗಳಲ್ಲಿ ಮಕ್ಕಳು, ದನ, ನಾಯಿ ಎಲ್ಲ ಒಂದೇ ಅಂಗಳದಲ್ಲಿ. ಎರಡನೆಯ ಸಾಲು ಆಡಿ ಯಾರಾದರೂ ಕಚ್ಚಿಸಿಕೊಂಡು ಸತ್ತರೆ ಅದು ನನ್ನ ತಲೆಗೆ. ಸುಲಭದ ಸಾಲನ್ನೇ ಹೇಳಿಕೊಂಡು ಬಂದಿದ್ದೆ.

ಮುದುಕನನ್ನು ಕೂರಿಸಿಕೊಂಡು ಎರಡೂ ಹೇಳಿದೆ. ಆರು ತಿಂಗಳು. ಸರಪಳಿ, ಸುತ್ತ ಎರಡು ಸುತ್ತಿನ ತಂತಿ ಬೇಲಿ. ಅನ್ನ ನೀರು ಉದ್ದ ಕೋಲಿನಿಂದ ತಳ್ಳಬೇಕು. ಒಂದು ಸಲವೂ ಮುಟ್ಟಕೂಡದು, ಅದು ಅತ್ತರೂ, ಬಾಲ ಆಡಿಸಿದರೂ. ದನಿ ಒಡೆದರೆ, ನೀರು ಕುಡಿಯುವುದು ಬಿಟ್ಟರೆ ತಕ್ಷಣ ಬಂದೂಕು. ಮುದುಕ ಕೇಳಿ, ಬಲಗೈಯನ್ನು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಮುಟ್ಟಿಸಿಕೊಂಡ. ಅದು ಅವರಲ್ಲಿ ಮಾತು ಕೊಡುವ ರೀತಿಯಂತೆ.

ವೇಯ್ನ್ ಬಂದೂಕನ್ನು ಹೆಗಲಿಗೇರಿಸಿದ. "ಅದು ನನ್ನ ಕಡೆ ಹಲ್ಲು ತೋರಿಸಿದರೆ ಹೊಡೆಯುತ್ತೇನೆ" ಎಂದ. ಅದು ಒಪ್ಪಿಗೆ.

ಇನ್ನು ಬಾಂಬಿನ ಪಟ್ಟಿ. ರೀಮ್ ಇರುವುದು ಅದರ ಆಚೆ. ನಾನು ಈಚೆ ಕೂತು ಮೊಲದ ಕೂಗು ಕೂಗಿದರೆ ಹಸಿದ ನಾಯಿ ನೇರವಾಗಿ ಬರುತ್ತದೆ. ನಾನೇ ಕರೆದು ಬಾಂಬಿನ ಮೇಲೆ ಓಡಿಸಿದ ಹಾಗಾಗುತ್ತದೆ. ಎರಡು ದಿನ ಈ ಯೋಚನೆಯಲ್ಲಿ ನನಗೆ ಊಟ ಸೇರಲಿಲ್ಲ.

ದಾರಿ ತೋರಿಸಿದವನು ವೇಯ್ನ್. ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದ. "ಹುಚ್ಚುನಾಯಿ ನೇರ ಬಂತು, ಅದಕ್ಕೆ ಬುದ್ಧಿ ಇರಲಿಲ್ಲ. ಬುದ್ಧಿ ನೆಟ್ಟಗಿರುವ ಯಾವ ಬೇಟೆಪ್ರಾಣಿಯೂ ಕೂಗಿದ ಕಡೆಗೆ ನೇರ ಬರುವುದಿಲ್ಲ. ಸುತ್ತು ಹಾಕಿ, ಕೂಗಿದವನ ವಾಸನೆಯನ್ನು ಗಾಳಿ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗಿ ಮೂಸಿ ನೋಡುತ್ತದೆ. ನಾವು ಅದನ್ನು ಮೋಸ ಎನ್ನುತ್ತೇವೆ. ಅದು ಎಚ್ಚರ." ರಸ್ತೆಯ ಗೆರೆಯ ಎಡಗಡೆ ಒಂದು ಚುಕ್ಕೆ ಇಟ್ಟ. "ಗಾಳಿ ಪಶ್ಚಿಮದಿಂದ ಬೀಸುವಾಗ ಇಲ್ಲಿ ಕೂರು. ನಿನ್ನ ವಾಸನೆ ರಸ್ತೆಯನ್ನು ಅಡ್ಡ ಹಾದು ಹೋಗುತ್ತದೆ. ಅದನ್ನು ಹಿಡಿಯಲು ಅದು ರಸ್ತೆಗೇ ಬರಬೇಕು."

"ಬರದಿದ್ದರೆ?"

"ಬರದಿದ್ದರೆ ಊದುವುದು ನಿಲ್ಲಿಸು. ಅದು ನಿನಗೆ ಈಗ ಬರುತ್ತದೆ."

ಎಲ್ಲ ಸರಿ, ಗಾಳಿ ಪಶ್ಚಿಮದಿಂದ ಬೀಸಬೇಕಲ್ಲ. ಮೂರು ಬೆಳಗು ಉತ್ತರದಿಂದಲೇ ಬೀಸಿತು. ನಾನು ಮರಳು ಮುಷ್ಟಿಯಲ್ಲಿ ಹಿಡಿದು ಉದುರಿಸಿ ನೋಡುತ್ತಿದ್ದೆ, ನಮ್ಮಲ್ಲಿ ರಾಶಿ ತೂರುವ ರೈತ ಹೊಟ್ಟು ಹಾರಿಸಿ ನೋಡುವ ಹಾಗೆ. ಊರಿನಲ್ಲಿ ಆ ದಿನಗಳಲ್ಲೇ ದಸರೆ. ಜನ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎನ್ನುತ್ತಿರುತ್ತಾರೆ. ನಾನು ಇಲ್ಲಿ ಗಾಳಿಗೆ ಕೈ ಒಡ್ಡಿ ಕೂತಿದ್ದೇನೆ ಎಂದು ಹೆಂಡತಿಗೆ ಪತ್ರ ಬರೆದೆ. ಅವಳಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ.

ರಸ್ತೆಯ ಮಗ್ಗುಲಲ್ಲಿ

ನಾಲ್ಕನೆಯ ಬೆಳಗು ಮರಳು ಪೂರ್ವಕ್ಕೆ ಹಾರಿತು.

ವೇಯ್ನ್ ತಾನೇ ಪರೀಕ್ಷಿಸಿದ ಜಾಗದಲ್ಲಿ, ಸುಟ್ಟುಹೋದ ಲಾರಿಯ ಒಂದು ಚಕ್ರಕ್ಕೆ ಬೆನ್ನು ಕೊಟ್ಟು ಕೂತೆ. ಬೇಟೆಗಾರ ಗಾಳಿಗೆ ಮುಖ ಮಾಡಿ ಕೂರುತ್ತಾನೆ; ನನಗೆ ಅಂದು ಅದೇ ಬೇಡವಾಗಿತ್ತು, ನಾಯಿ ಬರಬೇಕಾದ ರಸ್ತೆಯ ಕಡೆ ಮುಖ ಮಾಡಿ ಕೂತೆ. ನನಗಿಂತ ಹತ್ತು ಹೆಜ್ಜೆ ಹಿಂದೆ ಅಬು ಫಹಾದ್. ಅವನನ್ನು ಅಲ್ಲಿ ಕೂರಿಸಿದ್ದು ಬೇಕೆಂದೇ. ಗಾಳಿ ಅವನ ಮೈಯ ವಾಸನೆಯನ್ನೂ ರಸ್ತೆಗೆ ಒಯ್ಯಬೇಕಾಗಿತ್ತು. ಅವನ ಒಂದು ಕೈಗೆ ಮೊಳಕೈವರೆಗೆ ಬರುವ ದಪ್ಪ ಚರ್ಮದ ಕವಚ ತೊಡಿಸಿದ್ದೆ. ವೇಯ್ನ್ ರಸ್ತೆಯ ದಕ್ಷಿಣದ ತುದಿಯಲ್ಲಿ ಬಂದೂಕಿನ ಜೊತೆ ಮಲಗಿದ್ದ. ಫೆಲಿಕ್ಸ್ ವ್ಯಾನಿನೊಳಗೆ ಕೂತು ಜಪಮಾಲೆ ತಿರುಗಿಸುತ್ತಿದ್ದರು.

ಮೆಲ್ಲಗೆ ಊದಿದೆ. ನಿಲ್ಲಿಸಿದೆ. ಏನೂ ಇಲ್ಲ. ಸ್ವಲ್ಪ ಜೋರಾಗಿ, ಉಸಿರು ಕಡಿಯುತ್ತ ಊದಿದೆ. ನಿಲ್ಲಿಸಿದೆ.

ದಿಬ್ಬದ ಮೇಲೆ ರೀಮ್ ಎದ್ದು ನಿಂತಿತು.

ಇಳಿದು ನೇರವಾಗಿ ನಮ್ಮ ಕಡೆಗೇ ಓಡಿಬಂದು ಆಚೆ ಅಂಚಿನ ಬಿಳಿಯ ಪಟ್ಟಿಯ ಹತ್ತಿರ ನಿಂತಿತು. ಅಲ್ಲಿಂದ ಮುಂದೆ ಬಾಂಬು. ಪೀಪಿ ತುಟಿಯ ಮೇಲೇ ಇತ್ತು. ಈಗ ಒಂದು ಉಸಿರು ಬಿಟ್ಟರೂ ಅದು ಒಳಗೆ ಕಾಲಿಡುತ್ತದೆ. ಸುಮ್ಮನಾದೆ. ಅಷ್ಟು ಸುಮ್ಮನೆ ನಾನು ಯಾವತ್ತೂ ಇದ್ದದ್ದಿಲ್ಲ. ಅದು ಒಂದು ಮುಂಗಾಲು ಎತ್ತಿ ಹಿಡಿದು, ಮೂತಿ ಮೇಲೆ ಮಾಡಿ, ಸಿಗದ ವಾಸನೆಯನ್ನು ಹುಡುಕಿತು. ಆಮೇಲೆ ಕಾಲು ಕೆಳಗಿಟ್ಟು ಪಟ್ಟಿಯುದ್ದಕ್ಕೂ ಪೂರ್ವಕ್ಕೆ ಓಡತೊಡಗಿತು. ರಸ್ತೆ ಸಿಕ್ಕಿತು. ತಿರುಗಿತು. ರಸ್ತೆಯ ನಡುವೆಯೇ ಇಳಿದು ಬಂತು.

ನಮ್ಮ ನೇರಕ್ಕೆ ಬಂದಾಗ ಗಾಳಿ ಅದರ ಮೂಗಿಗೆ ತಾಗಿರಬೇಕು. ಯಾರೋ ಹಗ್ಗ ಜಗ್ಗಿದಂತೆ ನಿಂತುಬಿಟ್ಟಿತು. ಪಕ್ಕೆಲುಬು ಎಣಿಸಬಹುದಾಗಿತ್ತು. ಹಿಂದೊಡೆಯ ಮೇಲೆ ಕೂದಲು ಬೆಳೆಯದ ಒಂದು ಕಲೆ. ಕಣ್ಣು ತಿಳಿಯಾಗಿತ್ತು, ದವಡೆ ಬಿಗಿಯಾಗಿತ್ತು, ನಡಿಗೆಯಲ್ಲಿ ತಡವರಿಕೆ ಇರಲಿಲ್ಲ. ಡಾಕ್ಟರಾಗಿ ನಾನು ಅಷ್ಟನ್ನು ನೋಡಿದೆ.

ಮುದುಕ ಕರೆಯಲಿಲ್ಲ. ಕರೆಯಬೇಡ ಎಂದು ನಾನೇ ಹೇಳಿದ್ದೆ. ಅವನು ಮೆಲ್ಲಗೆ ತಿರುಗಿ ನಾಯಿಗೆ ಬೆನ್ನು ಮಾಡಿ ಕೂತ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ತಲೆ ತಗ್ಗಿಸಿ, ಎರಡೂ ಕೈ ಮರಳಿನ ಮೇಲೆ ಊರಿ, ಖಾಲಿ ಎಂದು ತೋರಿಸುವ ಹಾಗೆ.

ಎಷ್ಟು ಹೊತ್ತಾಯಿತೋ. ಬಿಸಿಲು ನನ್ನ ಮೊಣಕಾಲಿನಿಂದ ಎದೆಗೆ ಬಂತು. ನಾಯಿ ರಸ್ತೆ ಬಿಟ್ಟು ಒಂದೊಂದೇ ಹೆಜ್ಜೆ ಇಡುತ್ತ, ನನ್ನನ್ನು ಮರದ ಕೊರಡಿನಂತೆ ದಾಟಿ, ಮುದುಕನ ಬೆನ್ನಿನ ಹತ್ತಿರ ಹೋಯಿತು. ಅವನ ಹೆಗಲು ಮೂಸಿತು. ಸುತ್ತಿ ಬಂದು ಅವನ ಎದುರು ಮರಳಿನ ಮೇಲೆ ಮಲಗಿಕೊಂಡಿತು. ಮುದುಕ ಮಡಿಲಲ್ಲಿಟ್ಟುಕೊಂಡಿದ್ದ ಸರಪಳಿಯ ಪಟ್ಟಿಯನ್ನು ಕವಚ ತೊಟ್ಟ ಕೈಯಿಂದ ಅದರ ಕೊರಳಿಗೆ ಹಾಕಿದ. ಅವನ ಇನ್ನೊಂದು ಕೈ ಅದರ ತಲೆಯತ್ತ ಹೋಯಿತು, ನಡುವೆ ನಿಂತಿತು, ಹಿಂದಕ್ಕೆ ಬಂತು.

"ಖಲಾಸ್" ಎಂದ, ಆಯಿತು, ಇನ್ನು ಸಾಕು ಎಂದು ತನಗೇ ಹೇಳಿಕೊಂಡಂತೆ.

ವೇಯ್ನ್ ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು ಅಹ್ಮದಿಯ ಕಡೆ ನಡೆದ. ನನ್ನ ಕೈಕುಲುಕಲೂ ಇಲ್ಲ. ಪೀಪಿ ಹಿಂದಿರುಗಿಸಲು ಕೂಗಿದೆ. ಬೇಡ ಎಂದು ಕೈಬೀಸಿದ.

ಕೊಪ್ಪಳ

ನಾಯಿ ಕಟ್ಟಿಹಾಕಿದ ಮೇಲೆ ನಾನು ಅಲ್ಲಿದ್ದದ್ದು ಹದಿನೇಳು ದಿನ. ದಿನವೂ ಬೇಲಿಯ ಹೊರಗೆ ನಿಂತು ನೋಡಿ ಬರುತ್ತಿದ್ದೆ. ಮುದುಕ ಕೋಲಿನಿಂದ ತಟ್ಟೆ ತಳ್ಳಿ, ತಂತಿಯ ಈಚೆ ಕುಕ್ಕರಗಾಲಿನಲ್ಲಿ ಕೂತು, ಅದು ತಿಂದು ಮುಗಿಸುವವರೆಗೆ ಏನೇನೋ ಮಾತಾಡುತ್ತಿದ್ದ. ಬೀಳ್ಕೊಡುವಾಗ ಮೂರು ಸಲ ನನ್ನ ಕೆನ್ನೆಗೆ ಕೆನ್ನೆ ತಾಗಿಸಿದ. ಆರು ತಿಂಗಳಿಗೆ ಇನ್ನು ಎಷ್ಟು ದಿನ ಉಳಿಯಿತು ಎಂದು ಮಾತ್ರ ಕೇಳಿದ.

ಊರಿಗೆ ಬಂದ ಮೇಲೆ ನನ್ನ ಧೈರ್ಯ ಇಳಿಯಿತು. ರಾತ್ರಿ ಎಚ್ಚರವಾದರೆ ಲೆಕ್ಕ: ಅರವತ್ತು ದಿನ, ತೊಂಬತ್ತು ದಿನ. ಆ ರೋಗಕ್ಕೆ ಅವಸರವಿಲ್ಲ. ಮುದುಕ ಒಂದು ದಿನ ಮನಸ್ಸು ಕರಗಿ ತಂತಿಯೊಳಗೆ ಕೈಹಾಕಿದರೆ? ವೇಯ್ನನ ಆದೇಶ ತಪ್ಪಾಗಿತ್ತೆಂದು ನಾನು ಇವತ್ತಿಗೂ ಹೇಳಲಾರೆ. ಆ ನಾಯಿಗೆ ಹುಚ್ಚು ಹಿಡಿದಿದ್ದರೆ ನನ್ನನ್ನು ದಯಾಳುವೆಂದು ಯಾರೂ ಅನ್ನುತ್ತಿರಲಿಲ್ಲ, ನಾನೇ ಅಂದುಕೊಳ್ಳುತ್ತಿರಲಿಲ್ಲ. ಈಗ ಆಸ್ಪತ್ರೆಗೆ ಅಂಥ ನಾಯಿ ತಂದವರಿಗೆ ಎರಡೂ ಸಾಲು ಓದಿ ಹೇಳುತ್ತೇನೆ. ಬಹಳಷ್ಟು ಜನ ಮೊದಲನೆಯದನ್ನೇ ಆರಿಸುತ್ತಾರೆ. ಅವರನ್ನು ತಪ್ಪೆನ್ನುವುದಿಲ್ಲ. ಆದರೆ ಆರಿಸಿದವರು ಅವರು, ನಾನಲ್ಲ.

ಮರುವರ್ಷದ ಬೇಸಗೆಯಲ್ಲಿ ಫೆಲಿಕ್ಸರ ಪತ್ರ ಬಂತು. ಅಬ್ಬಾಸಿಯಾದಲ್ಲಿ ಹೊಸ ಬಾಗಿಲಿಗೆ ಬಣ್ಣ ಹೊಡೆದದ್ದು, ವೇಯ್ನ್ ತನ್ನ ದೇಶಕ್ಕೆ ಹೋದದ್ದು, ಇಕಾಮಾ ಎಂಬ ವಾಸದ ಪರವಾನಗಿ ಇನ್ನೂ ಆಗದೆ ಇರುವುದು, ಎಲ್ಲ ಬರೆದು ಕೊನೆಗೆ ಹೀಗೆ ಬರೆದಿದ್ದರು:

"ಮುದುಕ ನಿನ್ನೆ ನನ್ನನ್ನು ಕರೆಸಿದ. ಆರು ತಿಂಗಳು ಆಗಿ ಒಂದು ದಿನ ಹೆಚ್ಚು ಕಾದಿದ್ದಾನೆ, ಲೆಕ್ಕ ತಪ್ಪಿದ್ದರೆ ಅಂತ. ನಾಯಿ ಚೆನ್ನಾಗುಂಟು. ಡಾಕ್ಟ್ರಿಗೆ ಒಂದೇ ಮಾತು ಬರಿ ಅಂತ ಹೇಳಿದ್ದಾನೆ. ಅವನು ಹೇಳಿದ ಹಾಗೇ ಬರಿತೇನೆ: ಇವತ್ತು ಅದನ್ನು ಮುಟ್ಟಿದೆ."